ಅವಧಾನದ ಕೊರತೆಯುಳ್ಳ ಮಕ್ಕಳು ಮತ್ತು ಗೃಹಶಿಕ್ಷಣ : ಬಳ್ಳಾರಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಂತಹ ಊರೊಂದರಲ್ಲಿ ಎಂಟು ವರ್ಷದ ಒಬ್ಬ ಬಾಲಕನಿದ್ದಾನೆಂದು ಭಾವಿಸೋಣ. ಅವನು ಒಂದೆಡೆ ಕುಳಿತಿರಲಾರ. ಹೇಳಿದ ಮಾತು ಮುಗಿಯುವ ಮೊದಲೇ ಎದ್ದು ನಡೆಯುತ್ತಾನೆ. ತೊಡಗಿದ ಬರವಣಿಗೆಯನ್ನು ಮುಗಿಸಲಾರ. ಶಾಲೆಯಿಂದ ದಿನವೂ ದೂರು. ಕೊನೆಗೊಂದು ದಿನ ಮನೆಯಲ್ಲಿ ಪ್ರಶ್ನೆ ಏಳುತ್ತದೆ: “ಸಾಲಿ ಬಿಡಿಸಿ ಮನ್ಯಾಗ ಕಲಿಸಿದ್ರ ಹೆಂಗ?” ಈ ಪ್ರಶ್ನೆಯನ್ನು ಇತಿಹಾಸ, ಶಾಸನ ಮತ್ತು ಮನೆಯ ಸ್ಥಿತಿ ಎಂಬ ಮೂರು ದೃಷ್ಟಿಗಳಿಂದ ವಿವೇಚಿಸುವುದು ನಮ್ಮ ಉದ್ದೇಶ.

ಇಂದು ಎ.ಡಿ.ಎಚ್.ಡಿ. ಎಂದು ಕರೆಯಲಾಗುವ ಈ ಸ್ಥಿತಿ ಹೊಸದಲ್ಲ. ಅಲೆಗ್ಸಾಂಡರ್ ಕ್ರೈಟನ್ ಎಂಬ ವೈದ್ಯನು 1798ರಲ್ಲಿಯೇ ಅವಧಾನದ ಅಸ್ಥಿರತೆಯನ್ನು ವರ್ಣಿಸಿದ್ದನು. 1902ರಲ್ಲಿ ಜಾರ್ಜ್ ಸ್ಟಿಲ್ ಇಂತಹ ಮಕ್ಕಳನ್ನು ಕುರಿತು ಲಂಡನ್ನಿನಲ್ಲಿ ಉಪನ್ಯಾಸಗಳನ್ನಿತ್ತನು. ಈಗಿನ ಹೆಸರು ರೂಢಿಗೆ ಬಂದದ್ದು 1987ರಲ್ಲಿ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಆರು ತಿಂಗಳಾದರೂ ಇರಬೇಕು. ಮನೆ, ಶಾಲೆ ಮೊದಲಾದ ಎರಡು ನೆಲೆಗಳಲ್ಲಾದರೂ ತೋರಬೇಕು ಎಂಬುದು ವೈದ್ಯರ ನಿಯಮ. ಶಾಲೆಯಲ್ಲಿ ಮಾತ್ರ ಚಂಚಲನಾಗಿ, ಮನೆಯಲ್ಲಿ ಸ್ವಸ್ಥನಾಗಿರುವ ಮಗುವಿನ ವಿಷಯದಲ್ಲಿ ಮೊದಲು ಶಾಲೆಯನ್ನೂ, ಮಗುವಿನ ಕಣ್ಣು, ಕಿವಿ, ನಿದ್ರೆಗಳನ್ನೂ ಪರೀಕ್ಷಿಸತಕ್ಕದ್ದು.

ಇನ್ನು ನಮ್ಮ ಜಿಲ್ಲೆಯ ಹಳೆಯ ಶಾಲೆಗಳನ್ನು ನೋಡೋಣ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಬಯಸಿದ ಶಿಕ್ಷಣ ಸಮೀಕ್ಷೆಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿಯನ್ನು ಕಳುಹಿಸಿದನು. ಅಂದಿನ ಜಿಲ್ಲೆ ಇಂದಿನದಕ್ಕಿಂತ ಬಹು ವಿಸ್ತಾರವಾದುದು. ಅದರಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಂದಿ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದೆ ಕಲಿತವರು ಹಿಂದುಳಿದವರಿಗೆ ಕಲಿಸುತ್ತಿದ್ದರು. ಕೈಗೆ ಕೆಲಸವಿದ್ದ, ಗುಂಪು ಚಿಕ್ಕದಾಗಿದ್ದ ಈ ವ್ಯವಸ್ಥೆ ಚಂಚಲ ಬಾಲಕನಿಗೆ ಕೆಲಮಟ್ಟಿಗೆ ಅನುಕೂಲವಾಗಿದ್ದಿರಬೇಕೆಂದು ಊಹಿಸಬಹುದು. ಆದರೆ ಅದೇ ವರದಿ ಇನ್ನೊಂದು ಮುಖವನ್ನೂ ತೋರಿಸುತ್ತದೆ. ತಡವಾಗಿ ಬಂದವನಿಗೆ ಬೆತ್ತದ ಏಟು. ಸೋಮಾರಿಯೆನಿಸಿದವನಿಗೆ ಕೈಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆ! ಸೋಮಾರಿಯೆನಿಸಿಕೊಂಡವರಲ್ಲಿ ಅವಧಾನದ ಕೊರತೆಯವರೆಷ್ಟು ಮಂದಿಯಿದ್ದರೋ, ಲೆಕ್ಕವಿಟ್ಟವರಿಲ್ಲ. ಆದುದರಿಂದ ಹಳೆಯದೆಲ್ಲವೂ ಮಗುವಿಗೆ ಹಿತವಾಗಿತ್ತೆಂದು ಗೃಹಶಿಕ್ಷಣದ ಪರವಾಗಿ ವಾದಿಸುವುದು ಸಲ್ಲದು. ಅಲ್ಲಿಂದ ಆಯ್ದುಕೊಳ್ಳಬೇಕಾದುದು ಚಿಕ್ಕ ಗುಂಪು ಮತ್ತು ಕೈಗೆಲಸ, ತ್ಯಜಿಸಬೇಕಾದುದು ಬೆತ್ತ.

ಶಾಸನದ ಮಾತಿಗೆ ಬಂದರೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಅಧಿನಿಯಮವು 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹೇಳುತ್ತದೆ. ತಪ್ಪಿದವರಿಗೆ ದಂಡವನ್ನು ವಿಧಿಸಿಲ್ಲ. 2012ರ ತಿದ್ದುಪಡಿಯು ಮನೆಯಲ್ಲಿಯೇ ಶಿಕ್ಷಣ ಪಡೆಯುವ ಆಯ್ಕೆಯನ್ನು ತೀವ್ರ ಹಾಗೂ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿಗೆ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯಿದೆ; ಎ.ಡಿ.ಎಚ್.ಡಿ.ಯ ಹೆಸರಿಲ್ಲ. ಹೀಗಾಗಿ ಅದೊಂದೇ ಕಾರಣದಿಂದ ಮಗುವನ್ನು ಮನೆಯಲ್ಲಿರಿಸಿಕೊಳ್ಳುವವರಿಗೆ ಶಾಸನದ ಆಸರೆ ತೆಳುವಾದುದು. ಆದರೆ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಶಿಕ್ಷಣ ಹಕ್ಕು ಅಧಿನಿಯಮ ನಿಷೇಧಿಸಿದೆ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದೂ ವಿಧಿಸಿದೆ. ಮರಳುವ ಬಾಗಿಲು ತೆರೆದಿದೆಯೆಂಬುದು ಗಮನಾರ್ಹ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 14 ವರ್ಷ ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೆ ಸೇರಲೂ ಅವಕಾಶವುಂಟು.

ಮೂರನೆಯದಾದ ಮನೆಯ ಸ್ಥಿತಿಯೇ ಎಲ್ಲಕ್ಕಿಂತ ನಿರ್ಣಾಯಕವೆಂಬುದು ನಮ್ಮ ಮತ. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಈ ಭಾಗದಲ್ಲಿ ನಾಟಿ, ಕೊಯ್ಲುಗಳ ಕಾಲಕ್ಕೆ ದುಡಿಯುವ ತಂದೆತಾಯಿಗಳಿಬ್ಬರೂ ಗದ್ದೆಯಲ್ಲಿರುತ್ತಾರೆ. ಅಂತಹ ಮನೆಯಲ್ಲಿ ಶಾಲೆ ಬಿಡಿಸಿದ ಬಾಲಕನಿಗೆ ಗೃಹಶಿಕ್ಷಣವೆಂಬ ಹೆಸರಿನಲ್ಲಿ ದೊರೆಯುವುದು ದನ ಕಾಯುವ ಕೆಲಸ. ಕಳೆದುಹೋಗುವುದು ಒಡನಾಡಿಗಳು ಮತ್ತು ಮಧ್ಯಾಹ್ನದ ಬಿಸಿಯೂಟ. ದಿನವೂ ನಿಶ್ಚಿತ ಹೊತ್ತು ತಾಳ್ಮೆಯಿಂದ ಕಲಿಸಬಲ್ಲವರು ಮನೆಯಲ್ಲಿದ್ದು, ಶಾಲೆಯಲ್ಲಿ ಹಿಂಸೆಯೋ ಅವಮಾನವೋ ನಿಲ್ಲದಿದ್ದು, ವೈದ್ಯರ ಸಲಹೆಯೂ ಇದ್ದ ಪಕ್ಷದಲ್ಲಿ ಮಾತ್ರ ಗೃಹಶಿಕ್ಷಣ ವಿಚಾರಣೀಯ. ಅದೂ ಒಂದು ವರ್ಷದ ಅವಧಿಗೆ, ಪುನರ್ವಿಮರ್ಶೆಯ ನಿಬಂಧನೆಗೊಳಪಟ್ಟು.

ಅದಕ್ಕೆ ಮೊದಲು ಶಾಲೆಯಲ್ಲಿಯೇ ಮಾಡಬಹುದಾದುದು ಬಹಳವಿದೆ: ಮುಂದಿನ ಸಾಲಿನಲ್ಲಿ ಕುಳ್ಳಿರಿಸುವುದು, ಪಾಠವನ್ನು ಸಣ್ಣ ಭಾಗಗಳಾಗಿ ಒಡೆಯುವುದು, ನಡುನಡುವೆ ಹಲಗೆ ಒರೆಸಲೋ ಪುಸ್ತಕ ಹಂಚಲೋ ಎಬ್ಬಿಸುವುದು, ಮಾಡಿ ಮುಗಿಸಿದ್ದನ್ನು ಕೂಡಲೇ ಮೆಚ್ಚುವುದು. ತಂದೆತಾಯಿಗಳಿಗೆ ತಜ್ಞರು ಕೊಡುವ ತರಬೇತಿಯೂ, ಅವಶ್ಯವಾದಲ್ಲಿ ಔಷಧವೂ ಇವಕ್ಕೆ ಪೂರಕ.

ತಜ್ಞರೆಂದರೆ ದೂರದ ಬೆಂಗಳೂರಿನವರೇ ಆಗಬೇಕೆಂದಿಲ್ಲ. ಮಾನಸಿಕ ಆರೋಗ್ಯದ ಸೇವೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ತರಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಪ್ರಯೋಗಿಸಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿಯೇ. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯಲ್ಲಿ ಚಂಚಲ ಬಾಲಕನೊಬ್ಬನು ‘ಸೋಮಾರಿ’ಯೆಂಬ ಹೆಸರು ಹೊತ್ತು ಶಾಲೆಯಿಂದ ಹೊರನಡೆಯಬಾರದು. ಮನೆಯೋ ಶಾಲೆಯೋ ಎಂದು ನಿರ್ಣಯಿಸುವ ಮುನ್ನ, ಮನೆಯಲ್ಲಿರಬೇಕಾದ ತಾಳ್ಮೆಯನ್ನು ಶಾಲೆಗೆ ತರಲು ನಾವು ಯತ್ನಿಸಿದೆವೇ ಎಂದು ಅಧ್ಯಾಪಕರಾದ ನಾವು ಮೊದಲು ಕೇಳಿಕೊಳ್ಳುವುದು ಯುಕ್ತ.