ಪೇಪರಿನವನು ಬಾರದ ಬೆಳಗು

ವಿಠ್ಠಲವಾಡಿಯಲ್ಲಿ ಲೋಕಲ್ ಹತ್ತುವಾಗ ನಿಮ್ಮ ಕೈಯಲ್ಲಿ ಮೊದಲೆಲ್ಲ ‘ಕರ್ನಾಟಕ ಮಲ್ಲ’ವೋ ‘ಉದಯವಾಣಿ’ಯೋ ಇರುತ್ತಿತ್ತು. ಈಗ ಮೊಬೈಲ್ ಇದೆ, ಅಲ್ಲವೇ?

2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣದಿಂದ ಮಹಾರಾಷ್ಟ್ರ ಸರಕಾರ ಮನೆಮನೆಗೆ ಪತ್ರಿಕೆ ಹಾಕುವುದನ್ನೇ ತಡೆಯಿತು. ಆಗ ಪಿಡಿಎಫ್‌ಗೆ ಒಗ್ಗಿಕೊಂಡ ಎಷ್ಟೋ ಮಂದಿ ಮತ್ತೆ ಪೇಪರಿನವನನ್ನು ಕರೆಯಲಿಲ್ಲ. ಓದುಗರು ಕೊಡುವ ಕೆಲವೇ ರೂಪಾಯಿಗಳಲ್ಲಿ ಕಾಗದ, ಮುದ್ರಣ, ಸಾಗಾಟ ಪೂರೈಸದು. ಪತ್ರಿಕೆಗೆ ಜಾಹೀರಾತೇ ಆಧಾರ. ಅದೂ ಈಗ ಗೂಗಲ್, ಫೇಸ್‌ಬುಕ್ ಕಡೆ ವಾಲಿದೆ.

ದೊಡ್ಡ ಸುದ್ದಿಯೇನೋ ಮೊಬೈಲಿನಲ್ಲಿ ಬೇಗ ಸಿಗುತ್ತದೆ, ಒಪ್ಪೋಣ. ಆದರೆ ಸಂಘದ ಯಕ್ಷಗಾನ, ಊರಿನವರೊಬ್ಬರ ನಿಧನ? ವಾಟ್ಸ್ಯಾಪ್ ಗುಂಪಿನಲ್ಲಿ ಇದ್ದವರಿಗಷ್ಟೇ ಗೊತ್ತು. ನಮ್ಮ ಚಾಳಿನ ಅಜ್ಜಿಯೊಬ್ಬರು ಪೇಪರಿನಲ್ಲಿ ಫೋಟೋ ನೋಡಿಯೇ ಸಾವಿನ ಮನೆಗೆ ಹೊರಡುತ್ತಿದ್ದರು. ಕಳೆದ ಸಲ ಅವರಿಗೆ ವಿಷಯ ತಿಳಿದಾಗ ಉತ್ತರಕ್ರಿಯೆಯೂ ಮುಗಿದಿತ್ತು.