ವೈರಸ್ ಹೋಯಿತು ಎಂದು ಹೇಳುವವರು ಯಾರು?

ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ಕೇಳದ ಜಾಹೀರಾತುಗಳು ಎದ್ದು ಬರುತ್ತವೆ, ಬ್ರೌಸರ್ ತೆರೆದರೆ ಗೊತ್ತಿಲ್ಲದ ಯಾವುದೋ ಪುಟ ಬಂದು ಕೂರುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ: ಆಂಟಿವೈರಸ್ ಹಾಕಿ ಸ್ಕ್ಯಾನ್ ಮಾಡುವುದು. ಅದು ಏಳೆಂಟು ವಿಚಿತ್ರ ಹೆಸರುಗಳನ್ನು ತೋರಿಸಿ, ಅಳಿಸಿ, ಕೊನೆಗೆ ಹಸಿರು ಗುರುತು ಕೊಟ್ಟರೆ ನೆಮ್ಮದಿ. ಆದರೆ ಆ ಹಸಿರು ಗುರುತಿನ ಅರ್ಥ, ನನಗೆ ಗುರುತು ಸಿಗುವಂಥದ್ದು ಇಲ್ಲಿ ಇನ್ನೇನೂ ಉಳಿದಿಲ್ಲ ಎಂದಷ್ಟೇ. ಒಮ್ಮೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಪಡೆದು ಓಡಿದ ವೈರಸ್, ಆಂಟಿವೈರಸ್ ನೋಡಬಾರದ ಫೋಲ್ಡರ್‌ಗಳ ಪಟ್ಟಿಗೆ ತನ್ನನ್ನೇ ಸೇರಿಸಿಕೊಳ್ಳಬಹುದು, ಅಪ್‌ಡೇಟ್ ನಿಲ್ಲಿಸಬಹುದು, ಕಂಪ್ಯೂಟರ್ ಶುರುವಾದಾಗಲೆಲ್ಲ ತಾನೂ ಶುರುವಾಗುವಂತೆ ಎಲ್ಲೋ ಒಂದು ಸಾಲು ಬರೆದಿಡಬಹುದು. ಕಳ್ಳನಿದ್ದಾನೋ ಇಲ್ಲವೋ ಎಂದು ನಾವು ಕೇಳುತ್ತಿರುವುದು ಕಳ್ಳ ಈಗಾಗಲೇ ಒಳಗೆ ಹಾಕಿಕೊಂಡ ಕಾವಲುಗಾರನನ್ನು.

ಇದು ಯಾವುದೋ ಒಂದು ಕಂಪನಿಯ ದೋಷವಲ್ಲ. ಯಾವುದೇ ಪ್ರೋಗ್ರಾಮನ್ನು ನೋಡಿ ಇದು ವೈರಸ್ಸೋ ಅಲ್ಲವೋ ಎಂದು ಎಂದೂ ತಪ್ಪದೆ ಹೇಳುವ ಇನ್ನೊಂದು ಪ್ರೋಗ್ರಾಮ್ ಸಾಧ್ಯವೇ ಇಲ್ಲ ಎಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದ ಮೂಲಕ ತೋರಿಸಿದ್ದರು. ಹಳೆಯ ವೈರಸ್‌ಗಳ ಗುರುತುಗಳನ್ನು ಹೋಲಿಸಿ ನೋಡುವುದು, ಅನುಮಾನಾಸ್ಪದ ನಡವಳಿಕೆಯನ್ನು ಗಮನಿಸುವುದು, ಇವೆಲ್ಲ ಒಳ್ಳೆಯ ಊಹೆಗಳು. ಬಹಳ ಸಲ ಸರಿಯಾಗುತ್ತವೆ, ಕೆಲವು ಸಲ ತಪ್ಪುತ್ತವೆ. 2017ರಲ್ಲಿ ನಡೆದದ್ದನ್ನೇ ನೋಡಿ. ಕಂಪ್ಯೂಟರನ್ನು ಚೊಕ್ಕಟ ಮಾಡುವ ಸಾಧನವೆಂದೇ ಹೆಸರಾದ ಸಿಸಿಕ್ಲೀನರ್‌ನ ಒಂದು ಆವೃತ್ತಿಯಲ್ಲಿ ದಾಳಿಕೋರರು ತಮ್ಮ ಕೋಡ್ ಸೇರಿಸಿದ್ದರು. ಅದು ಕಂಪನಿಯ ಸಹಿಯೊಂದಿಗೆ, ಕಂಪನಿಯ ಅಧಿಕೃತ ತಾಣದಿಂದಲೇ ಸುಮಾರು ಒಂದು ತಿಂಗಳು ವಿತರಣೆಯಾಗಿ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ತಲುಪಿತು. ಪೊರಕೆಯಲ್ಲೇ ಕಸವಿತ್ತು.

ಹಾಗಾದರೆ ಸಣ್ಣ ತೊಂದರೆಗೂ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಯಾರಾದರೂ ಕೇಳಬಹುದು. ಬೇಡ. ಜನ ವೈರಸ್ ಎಂದು ಕರೆಯುವುದರಲ್ಲಿ ಒಂದು ಪಾಲು ವೈರಸ್ಸೇ ಅಲ್ಲ. ಪರದೆಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ’ ಎಂದು ಪದೇ ಪದೇ ಬರುವ ಸೂಚನೆ, ಹಿಂದೆಂದೋ ಯಾವುದೋ ತಾಣಕ್ಕೆ ‘ಅಲೋ’ ಒತ್ತಿ ಕೊಟ್ಟ ಅನುಮತಿಯ ಫಲವಾಗಿರುವುದೇ ಹೆಚ್ಚು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ತೆಗೆದರೆ ಅದು ನಿಲ್ಲುತ್ತದೆ. ಹುಡುಕಾಟದ ಪುಟ ತಾನಾಗಿ ಬದಲಾಗುತ್ತಿದ್ದರೆ ಎಕ್ಸ್‌ಟೆನ್ಶನ್‌ಗಳ ಪಟ್ಟಿಯಲ್ಲಿ ನೀವು ಹಾಕದ್ದೇನಿದೆ ಎಂದು ನೋಡಿ ತೆಗೆಯಿರಿ. ಪರದೆ ತುಂಬ ಎಚ್ಚರಿಕೆ ಬಂದು, ಮೈಕ್ರೋಸಾಫ್ಟ್ ಹೆಸರಿನಲ್ಲಿ ಫೋನ್ ನಂಬರ್ ಕೊಟ್ಟಿದ್ದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಇಲ್ಲಿ ಕಾಯಿಲೆಗಿಂತ ಆ ನಂಬರಿಗೆ ಕರೆ ಮಾಡುವುದೇ ಅಪಾಯ.

ಆದರೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರನ್ನೋ ಇಮೇಲ್‌ನಲ್ಲಿ ಬಂದ ಫೈಲನ್ನೋ ನೀವೇ ಕೈಯಾರೆ ಓಡಿಸಿದ್ದರೆ ಲೆಕ್ಕ ಬೇರೆ. ಈಗಿನ ಮಾಲ್‌ವೇರ್‌ಗಳಲ್ಲಿ, ಅಂದರೆ ಕೇಡಿನ ಪ್ರೋಗ್ರಾಮ್‌ಗಳಲ್ಲಿ, ದೊಡ್ಡದೊಂದು ಬಗೆಗೆ ಕಂಪ್ಯೂಟರನ್ನು ಕೆಡಿಸುವ ಉದ್ದೇಶವೇ ಇಲ್ಲ. ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ಲಾಗಿನ್ ಆಗಿಯೇ ಇರುವಂತೆ ಮಾಡುವ ಕುಕಿಗಳನ್ನೂ ಕೆಲವೇ ನಿಮಿಷಗಳಲ್ಲಿ ಬಾಚಿ ಕಳಿಸುತ್ತದೆ. ಕೆಲಸ ಮುಗಿದ ಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುವುದೂ ಉಂಟು. ಮರುದಿನದ ಸ್ಕ್ಯಾನ್‌ನಲ್ಲಿ ಏನೂ ಸಿಗದಿದ್ದರೆ ಅದು ಸಂತೋಷದ ಸುದ್ದಿಯಲ್ಲ. ಆದ್ದರಿಂದ ಮೊದಲು ವೈಫೈ ಅಥವಾ ಕೇಬಲ್ ತೆಗೆದು ಕಂಪ್ಯೂಟರನ್ನು ನೆಟ್‌ನಿಂದ ಬೇರ್ಪಡಿಸಬೇಕು. ಆಮೇಲೆ ಆ ಕಂಪ್ಯೂಟರನ್ನು ಮುಟ್ಟದೆ, ಮೊಬೈಲಿನಿಂದಲೋ ಇನ್ನೊಂದು ಕಂಪ್ಯೂಟರಿನಿಂದಲೋ ಪಾಸ್‌ವರ್ಡ್ ಬದಲಿಸಬೇಕು. ಇಮೇಲ್ ಮೊದಲು, ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ದಾರಿ ಅದೇ. ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿಸುವುದನ್ನು ಮರೆಯಬಾರದು, ಇಲ್ಲವಾದರೆ ಕದ್ದ ಕುಕಿ ಹೊಸ ಪಾಸ್‌ವರ್ಡ್ ಬಂದ ಮೇಲೂ ಕೆಲಸ ಮಾಡೀತು. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವುದರ ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಇಂಥ ಕಂಪ್ಯೂಟರನ್ನು ಶುದ್ಧಮಾಡುವ ಪ್ರಯತ್ನಕ್ಕಿಂತ ಹೊಸದಾಗಿ ಶುರುಮಾಡುವುದು ಅಗ್ಗ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದಿದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷಿಸುವುದರಿಂದ ಅಡಗುವವರಿಗೆ ಅಲ್ಲಿ ಎಡೆ ಕಡಿಮೆ. ಅನುಮಾನ ಸಣ್ಣದಾಗಿದ್ದರೆ ಅದು ಸಾಕು. ದೊಡ್ಡದಾಗಿದ್ದರೆ ಸೋಂಕಿಲ್ಲದ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದ ವಿಂಡೋಸ್ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ, ಹಾರ್ಡ್‌ಡಿಸ್ಕ್ ಅಳಿಸಿ ಮತ್ತೆ ಹಾಕುವುದೇ ಸರಿ. ಫಾರ್ಮ್ಯಾಟ್‌ಗೂ ಜಗ್ಗದ ಮಾಲ್‌ವೇರ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಕೂರುವ ಅಂಥದ್ದೊಂದು 2018ರಲ್ಲಿ ಪತ್ತೆಯಾಗಿತ್ತು. ಆದರೆ ಅದು ಸರ್ಕಾರಿ ಸಂಸ್ಥೆಗಳಂಥವುಗಳ ಮೇಲೆ ಬಳಸಿದ ಅಸ್ತ್ರ. ಮನೆಯವರು ಹೆದರಬೇಕಾದದ್ದು ಬೇರೆಯದಕ್ಕೆ. ಫಾರ್ಮ್ಯಾಟ್ ಮಾಡಿಕೊಡುವಾಗ ಕ್ರ್ಯಾಕ್ ಮಾಡಿದ ವಿಂಡೋಸನ್ನೂ ಅದನ್ನು ‘ಆ್ಯಕ್ಟಿವೇಟ್’ ಮಾಡುವ ಕಳ್ಳ ಪ್ರೋಗ್ರಾಮನ್ನೂ ತುಂಬಿ ಕಳಿಸುವ ಅಂಗಡಿಗಳಿವೆ. ಆ ಪ್ರೋಗ್ರಾಮ್ ಓಡಲೆಂದು ಆಂಟಿವೈರಸ್ಸನ್ನೇ ಆಫ್ ಮಾಡಿರುತ್ತಾರೆ. ಸೋಂಕು ತೆಗೆಯಲು ಕೊಟ್ಟ ದುಡ್ಡಿಗೆ ಹೊಸ ಸೋಂಕು. ವಿಂಡೋಸ್ ಸಮೇತ ಕೊಂಡ ಈಚಿನ ಲ್ಯಾಪ್‌ಟಾಪ್‌ಗಳಿಗೆ ಇದರ ಅಗತ್ಯವೇ ಇಲ್ಲ. ಪರವಾನಗಿಯ ಕೀಲಿ ಯಂತ್ರದೊಳಗೇ ಇರುತ್ತದೆ, ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ತಾನಾಗಿ ಸಕ್ರಿಯವಾಗುತ್ತದೆ.

ಫಾರ್ಮ್ಯಾಟ್ ಎಂದೊಡನೆ ಬರುವ ಗಟ್ಟಿಯಾದ ಆಕ್ಷೇಪ ಒಂದೇ: ಮಗುವಿನ ಫೋಟೊಗಳು, ಅಂಗಡಿಯ ಟ್ಯಾಲಿ ಲೆಕ್ಕ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಡತಗಳು ಏನಾಗಬೇಕು? ಮಾತು ಸರಿ. ಅದಕ್ಕೇ ರಕ್ಷಣೆಯ ನಡುಗಂಬ ಆಂಟಿವೈರಸ್ ಅಲ್ಲ, ಬ್ಯಾಕಪ್ ಎಂಬುದು ನನ್ನ ವಾದ. ಅವುಗಳ ಪ್ರತಿ ಬೇರೆ ಕಡೆ ಇದ್ದರೆ ಫಾರ್ಮ್ಯಾಟ್ ಎಂಬುದು ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಕೆಟ್ಟ ಕಂಪ್ಯೂಟರಿಗೇ ಜೋತುಬಿದ್ದು, ಹಸಿರು ಗುರುತನ್ನೇ ನಂಬಬೇಕಾದ ಸ್ಥಿತಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರಂತೂ, ವೈರಸ್ ತೆಗೆದರೂ ಬೀಗ ಹಾಗೇ ಉಳಿಯುತ್ತದೆ. ಯುರೋಪೋಲ್, ಡಚ್ ಪೊಲೀಸರು ಮತ್ತು ಕೆಲವು ಕಂಪನಿಗಳು 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ, ಎಲ್ಲಕ್ಕೂ ಅಲ್ಲ. ಬ್ಯಾಕಪ್ ಮಾಡಿದ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ಪ್ರತಿ ಮಾಡಿ ಮುಗಿದೊಡನೆ ತೆಗೆದು ಕಪಾಟಿನಲ್ಲಿಡಬೇಕು.

ಬ್ಯಾಕಪ್ ಜೊತೆಗೆ ಅಪ್‌ಡೇಟ್ ಕೂಡ ಬೇಕು. ಅದಕ್ಕೆ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಪ್ರಕರಣಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಕೊಟ್ಟಿತ್ತು. ದಾಳಿ ಶುರುವಾದದ್ದು ಮೇ 12ರಂದು. ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿದಂತೆ ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಬಹುಪಾಲು, ಅಪ್‌ಡೇಟ್ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ಅಪ್‌ಡೇಟ್ ಡೇಟಾ ತಿನ್ನುತ್ತದೆ, ಒಮ್ಮೊಮ್ಮೆ ಪ್ರಿಂಟರ್ ಕೆಡಿಸುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಪ್ರಿಂಟರನ್ನು ಸರಿಮಾಡಬಹುದು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಹಿಡಿಸದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡರೆ ಬ್ರೌಸಿಂಗ್, ಪತ್ರ, ಕನ್ನಡ ಟೈಪಿಂಗ್ ಎಲ್ಲವೂ ನಡೆಯುತ್ತದೆ, ಟ್ಯಾಲಿಯೇ ಬೇಕೆನ್ನುವವರಿಗೆ ಮಾತ್ರ ಕಷ್ಟ.

ದುಡ್ಡು ಕೊಟ್ಟು ಕೊಂಡ ಆಂಟಿವೈರಸ್ ಇದ್ದರೆ ಇಷ್ಟೆಲ್ಲ ತಾಪತ್ರಯ ಏಕೆ ಎನ್ನಬಹುದು. ಅದು ನಿರುಪಯೋಗಿ ಎನ್ನುತ್ತಿಲ್ಲ. ಆದರೆ ಸಾಮಾನ್ಯ ಮನೆಗೆ ಡಿಫೆಂಡರ್ ಸಾಕು, ಅದನ್ನು ಆಫ್ ಮಾಡದಿದ್ದರೆ. ಒಂದರ ಮೇಲೊಂದು ಎರಡು ಆಂಟಿವೈರಸ್ ಹಾಕಿದರೆ ಎರಡೂ ಪರಸ್ಪರ ಅಡ್ಡಿಯಾಗುತ್ತವೆ. ಕಾವಲಿಗೆ ಕರೆದವರ ಮೇಲೂ ಕಣ್ಣಿಡಬೇಕೆಂಬುದಕ್ಕೆ ಅವಾಸ್ಟ್ ಉದಾಹರಣೆಯಿದೆ: ಬಳಕೆದಾರರು ಯಾವ ತಾಣ ನೋಡುತ್ತಾರೆಂಬ ಮಾಹಿತಿಯನ್ನು ಮಾರಿದ್ದಕ್ಕೆ ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಆ ಕಂಪನಿಯಿಂದ 1.65 ಕೋಟಿ ಡಾಲರ್ ಕಟ್ಟಿಸಿತು.

ಖರ್ಚಿಲ್ಲದ ಎರಡು ಸೆಟ್ಟಿಂಗ್‌ಗಳು ದುಡ್ಡಿನ ಆಂಟಿವೈರಸ್‌ಗಿಂತ ಹೆಚ್ಚು ಕೆಲಸ ಮಾಡುತ್ತವೆ. ದಿನಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಇಟ್ಟುಕೊಂಡರೆ ಏನನ್ನಾದರೂ ಇನ್‌ಸ್ಟಾಲ್ ಮಾಡುವಾಗ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳುತ್ತದೆ. ಆ ಕಿರಿಕಿರಿಯೇ ತಡೆಗೋಡೆ. ಇನ್ನೊಂದು, ಫೈಲ್ ಹೆಸರಿನ ಬಾಲ ಕಾಣುವಂತೆ ಮಾಡುವುದು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ವೈರಸ್ ಜಗತ್ತನ್ನೇ ಸುತ್ತಿದ್ದು, ಹೆಸರಿನ ಕೊನೆಯ ‘ವಿಬಿಎಸ್’ ಎಂಬ ಬಾಲವನ್ನು ವಿಂಡೋಸ್ ಮುಚ್ಚಿಟ್ಟು, ಅದು ಬರೀ ಪ್ರೇಮಪತ್ರದ ಪಠ್ಯದಂತೆ ಕಂಡದ್ದರಿಂದ. ಇಂದಿಗೂ ವಿಂಡೋಸ್ ಆ ಬಾಲವನ್ನು ತಾನಾಗಿ ತೋರಿಸುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಕೂರಿಸುವ ವೈರಸ್ಸೂ ಇದೇ ಮರೆವೇಷದ ಕುಲ. ಊರೂರಿನ ಝೆರಾಕ್ಸ್ ಅಂಗಡಿಗಳ ಕಂಪ್ಯೂಟರ್‌ಗಳಿಗೆ ದಿನವಿಡೀ ಹತ್ತಾರು ಪೆನ್‌ಡ್ರೈವ್‌ಗಳು ಚುಚ್ಚಿಸಿಕೊಳ್ಳುತ್ತವೆ. ಪ್ರಿಂಟಿಗೆ ಹೋಗುವಾಗ ಆ ಒಂದೇ ಪಿಡಿಎಫ್ ಇರುವ ಬೇರೆ ಪೆನ್‌ಡ್ರೈವ್ ಒಯ್ಯಿರಿ, ಮನೆಗೆ ಬಂದು ಅದರಲ್ಲಿ ಯಾವುದನ್ನೂ ತೆರೆಯದೆ ಫಾರ್ಮ್ಯಾಟ್ ಮಾಡಿ. ಬ್ಯಾಕಪ್ ಇರುವ ಡಿಸ್ಕನ್ನಂತೂ ಅಲ್ಲಿಗೆ ಕೊಂಡೊಯ್ಯಲೇಬೇಡಿ.