ಇಂಜಿನಿಯರಿಂಗ್ ಓದಿಗೆ ಮುಂಚೆ ಭೌತಶಾಸ್ತ್ರದ ಮಾಗಿ ಉಳುಮೆ



ಪಿ.ಯು.ಸಿ. ಮುಗಿಸಿ, ಸಿ.ಇ.ಟಿ. ಬರೆದು, ಇಂಜಿನಿಯರಿಂಗ್ ಕಾಲೇಜು ಸೇರಲು ಕಾದಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲಿರಬಹುದು. ಪರೀಕ್ಷೆಗೂ ಕಾಲೇಜಿನ ಮೊದಲ ಪಾಠಕ್ಕೂ ನಡುವೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ಬೆಳೆ ಕೊಯ್ದ ಮೇಲೆ ಹೊಲವನ್ನು ಹಾಗೇ ಬಿಡದೆ ಮಾಗಿ ಉಳುಮೆ ಮಾಡುತ್ತೇವಷ್ಟೆ. ಹಾಗೆ ಉತ್ತ ಹೊಲದಲ್ಲಿ ಮೊದಲ ಮಳೆ ಚೆನ್ನಾಗಿ ಇಂಗುತ್ತದೆ. ಈ ಬಿಡುವಿನಲ್ಲಿ ಭೌತಶಾಸ್ತ್ರವನ್ನು ಮತ್ತೊಮ್ಮೆ ಓದುವುದೂ ಅಂಥದೇ ಕೆಲಸ.

ಕಷ್ಟ ಎಲ್ಲಿಂದ ಬರುತ್ತದೆ?

ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದವರೂ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಎಡವುವುದುಂಟು. ಇದು ಬುದ್ಧಿಯ ಕೊರತೆಯಲ್ಲ. ಕಾರಣಗಳು ಬೇರೆ.

ಮೊದಲನೆಯದು, ಚಲನೆ, ಬಲ, ಶಕ್ತಿ, ದ್ರವಗಳ ಪಾಠ ಇರುವುದು ಮೊದಲ ಪಿ.ಯು.ಸಿ.ಯಲ್ಲಿ. ಎರಡನೆಯ ವರ್ಷದ ವಾರ್ಷಿಕ ಪರೀಕ್ಷೆಗೆ ವಿದ್ಯುತ್ತು, ಕಾಂತತೆ, ಬೆಳಕು, ಪರಮಾಣು ಇವನ್ನು ಓದಿದರಾಯಿತು. ಆದ್ದರಿಂದ ಇಂಜಿನಿಯರಿಂಗಿನ ತಳಪಾಯವೇ ಆದ ಪಾಠಗಳು ಮರೆತಿರುತ್ತವೆ.

ಎರಡನೆಯದು, ಸಿ.ಇ.ಟಿ.ಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಸರಿಯುತ್ತರವನ್ನು ಗುರುತಿಸಿದರೆ ಸಾಕು. ಕಾಲೇಜಿನಲ್ಲಾದರೋ ಚಿತ್ರ ಬರೆದು, ಹಂತ ಹಂತವಾಗಿ ಲೆಕ್ಕ ಮಾಡಿ ತೋರಿಸಬೇಕು.

ಮೂರನೆಯದು, ಭಾಷೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಮಾಡಿ, ಅದರ ಅರ್ಥವನ್ನು ಬಿಟ್ಟಿರುತ್ತಾರೆ.

ಏನು ಓದಬೇಕು?

1. ಗಣಿತದ ಹತ್ಯಾರು: ಕುಡುಗೋಲು ಮಸೆಯದೆ ಕೊಯ್ಲಿಗೆ ಇಳಿಯುವುದಿಲ್ಲ. ತ್ರಿಕೋನಮಿತಿ, ಸದಿಶಗಳು, ಅವಕಲನ, ಅನುಕಲನ ಈ ನಾಲ್ಕನ್ನು ಮೊದಲು ಹದಗೊಳಿಸಬೇಕು. ಭೌತಶಾಸ್ತ್ರ ಬರುವುದಿಲ್ಲವೆನ್ನುವ ಅನೇಕರಿಗೆ ಬಾರದಿರುವುದು ಈ ಗಣಿತವೇ.

2. ಅಳತೆ ಮತ್ತು ಮಾನ: ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ನೀರು? 4,047ನ್ನು 0.025ರಿಂದ ಗುಣಿಸಿದರೆ ಸುಮಾರು 101 ಘನ ಮೀಟರ್, ಅಂದರೆ 1,01,000 ಲೀಟರ್. ಮಿಲಿಮೀಟರನ್ನು ಮೀಟರಿಗೆ ತಿರುಗಿಸಲು ಮರೆತರೆ ಉತ್ತರ ಸಾವಿರ ಪಾಲು ತಪ್ಪುತ್ತದೆ.

3. ಬಲ ಮತ್ತು ಸಮತೋಲ: ಎರಡು ಗಾಲಿಯ ಎತ್ತಿನ ಗಾಡಿಯನ್ನು ನೋಡಿ. ಅಚ್ಚಿನಿಂದ 2 ಅಡಿ ಹಿಂದಕ್ಕೆ 90 ಕಿಲೋ ಮೂಟೆ ಇಟ್ಟರೆ, ಅಚ್ಚಿನಿಂದ 9 ಅಡಿ ಮುಂದಿರುವ ನೊಗವನ್ನು ಅದು 20 ಕಿಲೋ ತೂಕದಷ್ಟು ಬಲದಿಂದ ಮೇಲೆತ್ತುತ್ತದೆ. 90 ಇಂಟು 2, ಭಾಗಿಸು 9. ಅದೇ ಮೂಟೆಯನ್ನು ಅಷ್ಟೇ ಮುಂದಕ್ಕೆ ಇಟ್ಟರೆ ಆ ಭಾರ ಎತ್ತಿನ ಹೆಗಲಿಗೆ ಬೀಳುತ್ತದೆ. ಯಾವ ಬಲ ಎಲ್ಲಿ, ಯಾವ ದಿಕ್ಕಿಗೆ ಎಂದು ಬಾಣದ ಗುರುತಿನಿಂದ ಚಿತ್ರ ಬರೆಯುವ ಅಭ್ಯಾಸವಾಗಲಿ. ಸೇತುವೆ, ಕಟ್ಟಡ, ಯಂತ್ರಗಳ ಲೆಕ್ಕ ಈ ಚಿತ್ರದಿಂದಲೇ ಆರಂಭವಾಗುತ್ತದೆ.

4. ಶಕ್ತಿ ಮತ್ತು ವಿದ್ಯುತ್ತು: ನಿಮ್ಮ ಪಂಪುಸೆಟ್ಟೇ ಪ್ರಯೋಗಶಾಲೆ. ಒಂದು ಅಶ್ವಶಕ್ತಿ 746 ವಾಟ್. 5 ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ 3,730 ವಾಟ್ ಕೊಡುತ್ತದೆ. ಪಂಪಿನ ದಕ್ಷತೆ ನೂರಕ್ಕೆ 50 ಎಂದು ಹಿಡಿದರೆ ನೀರಿಗೆ ಸೇರುವುದು 1,865 ವಾಟ್. ಒಂದು ಲೀಟರ್ ನೀರನ್ನು 60 ಮೀಟರ್ ಎತ್ತಲು 588 ಜೂಲ್ ಬೇಕು. ಭಾಗಿಸಿದರೆ ಸೆಕೆಂಡಿಗೆ ಸುಮಾರು 3.2 ಲೀಟರ್, 200 ಲೀಟರಿನ ಡ್ರಮ್ಮು ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಬೇಕು. ಗಡಿಯಾರ ಹಿಡಿದು ನೋಡಲಿ. ತಡವಾದರೆ ಕಾರಣ ಹುಡುಕಲಿ: ವೋಲ್ಟೇಜು ಕಡಿಮೆಯೇ, ಕೊಳವೆ ಸೋರುತ್ತದೆಯೇ, ಬಾವಿಯ ನೀರು ಕೆಳಗಿಳಿದಿದೆಯೇ? ಮೋಟಾರಿನ ಮೇಲಿನ ಫಲಕವನ್ನು ಓದಬಹುದು. ಸ್ಟಾರ್ಟರ್ ಪೆಟ್ಟಿಗೆಯನ್ನು ಮಾತ್ರ ಯಾರೂ ತೆರೆಯಕೂಡದು.

5. ಉಳಿದ ಪಾಠಗಳು: ಸಿವಿಲ್, ಮೆಕ್ಯಾನಿಕಲ್ ಸೇರುವವರು ದ್ರವಗಳು, ಘನವಸ್ತುಗಳ ಸ್ಥಿತಿಸ್ಥಾಪಕತೆ, ಉಷ್ಣ ಇವನ್ನು ನೋಡಲಿ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೇರುವವರು ವಿದ್ಯುತ್ ಪ್ರವಾಹ, ಕಾಂತತೆ, ಅರೆವಾಹಕಗಳನ್ನು ನೋಡಲಿ.

ಹೇಗೆ ಓದಬೇಕು?

ಹೊಸ ಪುಸ್ತಕ ಕೊಳ್ಳಬೇಕಾಗಿಲ್ಲ. ಪಿ.ಯು.ಸಿ. ಪುಸ್ತಕಗಳೇ ಸಾಕು, ಅವನ್ನು ಮಾರಿಬಿಡಬೇಡಿ. ಎನ್.ಸಿ.ಇ.ಆರ್.ಟಿ. ಪುಸ್ತಕಗಳು ಮೊಬೈಲಿನಲ್ಲಿಯೂ ಉಚಿತವಾಗಿ ಸಿಗುತ್ತವೆ. ದಿನಕ್ಕೆ ಎರಡು ಗಂಟೆಯಂತೆ ಎಂಟು ವಾರ ಓದಿದರೆ ಮೇಲಿನ ಪಾಠಗಳನ್ನು ಒಂದು ಸುತ್ತು ಮುಗಿಸಬಹುದು. ಓದಿದ್ದನ್ನು ಮೊದಲು ಕನ್ನಡದಲ್ಲಿ ಮನೆಯವರಿಗೆ ವಿವರಿಸಲಿ; ಬಳಿಕ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲಿ. ದಿನಕ್ಕೆ ಐದು ಲೆಕ್ಕಗಳನ್ನು ಚಿತ್ರ, ಹಂತ, ಮಾನ ಸಮೇತ ಪೂರ್ತಿ ಬರೆಯಲಿ. ಉತ್ತರವನ್ನು ಮೊದಲೇ ನೋಡಿ ಬರೆದ ಲೆಕ್ಕ ಲೆಕ್ಕಕ್ಕಿಲ್ಲ.

ತಂದೆತಾಯಿಗಳು ಮಾಡಬೇಕಾದದ್ದು

ಹೊಲದ ಕೆಲಸಕ್ಕೆ ಮಕ್ಕಳನ್ನು ಕರೆಯುವುದು ತಪ್ಪಲ್ಲ. ಆದರೆ ಬೆಳಗಿನ ಎರಡು ಗಂಟೆಯನ್ನು ಅವರಿಗೇ ಬಿಡಿ. ಹೆಣ್ಣುಮಗಳಿಗೂ ಅಷ್ಟೇ ಹೊತ್ತು ಸಿಗಬೇಕು; ಒಲೆಯ ಮುಂದಿನ ಕೆಲಸವನ್ನು ಮನೆಯವರು ಹಂಚಿಕೊಳ್ಳಿ. ಸಾಲ ಮಾಡಿಯೋ ಜಮೀನು ಒತ್ತೆಯಿಟ್ಟೋ ಶುಲ್ಕ ಕಟ್ಟುವ ಮನೆಗೆ ಒಂದು ವಿಷಯ ಉಳಿದರೂ ಹೊರೆಯೇ. ಮುಂಚಿನ ಸಿದ್ಧತೆಗೆ ತಗಲುವುದು ಹೊತ್ತು ಮಾತ್ರ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾದಲ್ಲಿ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟ ಮುಟ್ಟಿದಾಗ ಅವು ತಾವೇ ತೆರೆದುಕೊಳ್ಳುತ್ತಿದ್ದವು. ಅಂಥ ಬಾಗಿಲಿನ ಹಿಂದೆ ಇರುವುದೂ ಬಲ ಮತ್ತು ಸಮತೋಲದ ಲೆಕ್ಕವೇ. ಅದರ ಮೊದಲ ಪಾಠ ನಿಮ್ಮ ಗಾಡಿಯ ಅಚ್ಚಿನಲ್ಲಿದೆ. ಇಂದು ಸಂಜೆಯೇ ಮಕ್ಕಳೊಡನೆ ಕುಳಿತು ಆ ಲೆಕ್ಕ ಮಾಡಿಸಿ ನೋಡಿ.